ಪಿಎಲ್-15ಕ್ಕೆ 200 ಕಿ.ಮೀ., ಅಸ್ತ್ರಕ್ಕೆ 110. ಹಾಗಾದ್ರೆ ನಾವು ಹಿಂದಿದ್ದೇವಾ?

ಕಿರಣ_ಕುವೆಂಪುನಗರ

ಎಲ್ಲರಿಗೂ ನಮಸ್ಕಾರ. ಮೈಸೂರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. 2025ರ ಮೇ ತಿಂಗಳ ಭಾರತ-ಪಾಕ್ ಕಾಳಗ ಆದಾಗಿನಿಂದ ನಮ್ಮ ಗೆಳೆಯರ ಗುಂಪಿನಲ್ಲಿ ಒಂದೇ ವಾದ. ಪಾಕಿಸ್ತಾನದ ಜೆ-10ಸಿ ಫೈಟರ್ ಹೊರುವ ಚೀನಾದ ಪಿಎಲ್-15 ಕ್ಷಿಪಣಿ 200 ಕಿ.ಮೀ. ಹೋಗುತ್ತೆ ಅಂತಾರೆ. ಕೆಲವರು 300 ಅಂತಾರೆ. ಇನ್ನೊಂದು ಕಡೆ 145 ಅಂತ ಇದೆ. ನಮ್ಮ ಸುಖೋಯ್ ಹೊರುವ ಅಸ್ತ್ರ ಮಾರ್ಕ್-1 ಕ್ಷಿಪಣಿ ಜಾಸ್ತಿ ಅಂದ್ರೆ 110. ಹಾಗಾದ್ರೆ ಅವರು ದೂರದಿಂದಲೇ ಹೊಡೆದು ತಿರುಗಿ ಹೋಗಬಹುದು, ನಮಗೆ ಹೊಡೆಯುವ ಅವಕಾಶವೇ ಸಿಗುವುದಿಲ್ಲ, ಅಲ್ವಾ? ಯೂಟ್ಯೂಬ್ ನೋಡಿ ನೋಡಿ ತಲೆ ಕೆಟ್ಟಿದೆ. ಎಲ್ಲರೂ ಒಂದು ಪಟ್ಟಿ ಹಾಕುತ್ತಾರೆ, ದೊಡ್ಡ ಸಂಖ್ಯೆ ಯಾರದೋ ಅವನೇ ಗೆದ್ದ ಅಂತ ಮುಗಿಸುತ್ತಾರೆ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ನಿರ್ವಾಹಕ

ಶುರುವಾಗುವ ಮೊದಲೇ ಒಂದು ಮಾತು. ಯಾರದು ಎಷ್ಟು ವಿಮಾನ ಬಿತ್ತು ಅನ್ನುವ ಜಗಳ ಇಲ್ಲಿ ಬೇಡ. ಮೇ 31ರಂದು ಸಿಂಗಪುರದಲ್ಲಿ, ಆಗ ನಮ್ಮ ರಕ್ಷಣಾ ಪಡೆಗಳ ಮುಖ್ಯಸ್ಥರಾಗಿದ್ದ ಜನರಲ್ ಅನಿಲ್ ಚೌಹಾಣ್ ನಮ್ಮ ಕಡೆಯೂ ನಷ್ಟ ಆಗಿದೆ ಅಂತ ಒಪ್ಪಿದರು. ಆರು ವಿಮಾನ ಅನ್ನುವ ಪಾಕಿಸ್ತಾನದ ಮಾತು ಸುಳ್ಳು ಅಂದರು, ಎಷ್ಟು ಅಂತ ಹೇಳಲಿಲ್ಲ. ನಮಗೆ ಅಷ್ಟು ಸಾಕು. ಕ್ಷಿಪಣಿ ಹೇಗೆ ಕೆಲಸ ಮಾಡುತ್ತೆ ಅನ್ನುವುದರ ಮೇಲೆ ಮಾತಾಡಿ.

ಮದ್ದೂರು_ವಡೆ

ಟಿಪ್ಪು ರಾಕೆಟ್‌ನಿಂದ ಶುರು ಮಾಡೋಣ್ವಾ? 😄

ನಿರ್ವಾಹಕ

ಅದಕ್ಕೆ ಬೇರೆ ಚರ್ಚೆ ಇದೆ. ಅಲ್ಲಿ ಈಗಾಗಲೇ ಸಾಕಷ್ಟು ಜನ ಹೊಡೆದಾಡುತ್ತಿದ್ದಾರೆ.

ಹಳೇ_ಆರ್ಮರರ್_ಮಂಡ್ಯ

ಕಿರಣ್ ತಮ್ಮಾ, ಒಳ್ಳೆ ಪ್ರಶ್ನೆ. ನಾನು ವಾಯುಪಡೆಯಲ್ಲಿ ಶಸ್ತ್ರ ವಿಭಾಗದಲ್ಲಿದ್ದವನು. ವಿಮಾನಕ್ಕೆ ಕ್ಷಿಪಣಿ ಏರಿಸುವುದು, ಇಳಿಸುವುದು, ಪರೀಕ್ಷೆ ಮಾಡುವುದು ನಮ್ಮ ಕೆಲಸ. ಪೈಲಟ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ಮಂಡ್ಯದಲ್ಲಿ ಕಬ್ಬು ನೋಡಿಕೊಂಡು ಇದ್ದೇನೆ. ಗೌಪ್ಯದ ಯಾವ ವಿಷಯವನ್ನೂ ಬರೆಯುವುದಿಲ್ಲ, ಪತ್ರಿಕೆಯಲ್ಲಿ ಬಂದಿರುವುದಷ್ಟೇ.

ಮೊದಲು ಆ 145. ಅದು ಪಿಎಲ್-15ಇ, ಅಂದರೆ ಹೊರದೇಶಕ್ಕೆ ಮಾರುವ ಮಾದರಿಗೆ ಚೀನಾ ತನ್ನ ವಿಮಾನ ಪ್ರದರ್ಶನದಲ್ಲಿ ಬೋರ್ಡ್ ಹಾಕಿ ತೋರಿಸಿದ ಸಂಖ್ಯೆ. 200, 300 ಅನ್ನುವುದು ಅವರದೇ ವಾಯುಪಡೆಗೆ ಇಟ್ಟುಕೊಂಡ ಮಾದರಿಯ ಬಗ್ಗೆ ಹೊರಗಿನವರು ಹಾಕಿರುವ ಅಂದಾಜು. ನಿನ್ನ ಪಟ್ಟಿಯಲ್ಲಿ ಎರಡೂ ಬೆರೆತಿವೆ.

ಇನ್ನು ಮುಖ್ಯ ವಿಷಯ. ಈ ಕಿ.ಮೀ. ಅನ್ನುವುದು ಕ್ಷಿಪಣಿಗೆ ಅಂಟಿಸಿದ ಗುಣ ಅಲ್ಲ. ಎಷ್ಟು ಎತ್ತರದಿಂದ ಬಿಟ್ಟೆ, ಎಷ್ಟು ವೇಗದಲ್ಲಿ ಬಿಟ್ಟೆ, ಎದುರಾಳಿ ನಿನ್ನ ಕಡೆ ಬರುತ್ತಿದ್ದಾನಾ ಓಡುತ್ತಿದ್ದಾನಾ, ಇದರ ಮೇಲೆ ಪೂರ್ತಿ ಬದಲಾಗುತ್ತೆ.

ನಮ್ಮ ಊರಿನ ಲೆಕ್ಕದಲ್ಲೇ ನೋಡು. ಮೈಸೂರಿನ ಮೇಲೆ 12 ಕಿ.ಮೀ. ಎತ್ತರದಲ್ಲಿ ನೀನು, ಬೆಂಗಳೂರಿನ ಮೇಲೆ ಅವನು. ಗಾಳಿಯಲ್ಲಿ ನೇರ ಅಳೆದರೆ ಸುಮಾರು 125 ಕಿ.ಮೀ. ಅವನು ಗಂಟೆಗೆ 900 ಕಿ.ಮೀ. ವೇಗದಲ್ಲಿ ನೇರ ನಿನ್ನ ಕಡೆ ಬರುತ್ತಿದ್ದಾನೆ, ಅಂದರೆ ನಿಮಿಷಕ್ಕೆ 15 ಕಿ.ಮೀ. ಕ್ಷಿಪಣಿಯ ಸರಾಸರಿ ವೇಗ ಶಬ್ದದ ಮೂರು ಪಟ್ಟು ಅಂತ ಇಟ್ಟುಕೊ. ಆ ಎತ್ತರದಲ್ಲಿ ಅದು ನಿಮಿಷಕ್ಕೆ 53 ಕಿ.ಮೀ. ಚಿಲ್ಲರೆ ಬಿಡೋಣ. ಎರಡೂ ಎದುರುಬದುರು ಬರುವುದರಿಂದ ಎರಡು ನಿಮಿಷದೊಳಗೆ ಬಿಡದಿ ಹತ್ತಿರ ಭೇಟಿ. ಕ್ಷಿಪಣಿ ಹಾರಿದ್ದು ನೂರು ಕಿ.ಮೀ.ಗೂ ಕಡಿಮೆ.

ಅದೇ ಅವನು ನೀನು ಬಿಟ್ಟ ತಕ್ಷಣ ಹಿಂದಕ್ಕೆ ತಿರುಗಿ ಅದೇ ವೇಗದಲ್ಲಿ ಓಡಿದ ಅಂತ ಇಟ್ಟುಕೊ. ಈಗ ಕ್ಷಿಪಣಿ ಅವನನ್ನು ಅಟ್ಟಿಸಿಕೊಂಡು ಹೋಗಬೇಕು. ಲೆಕ್ಕ ಹಾಕಿದರೆ 170 ಕಿ.ಮೀ. ದಾಟುತ್ತೆ. ಬೆಂಗಳೂರು ಬಿಟ್ಟು, ಹೊಸಕೋಟೆ ಬಿಟ್ಟು, ಕೋಲಾರದ ದಾರಿ ಹಿಡಿದ ಹಾಗಾಯಿತು. ಅದೇ ಕ್ಷಿಪಣಿ, ಅದೇ ದೂರದಿಂದ ಬಿಟ್ಟದ್ದು. ಮೊದಲ ಸಲ ಆರಾಮಾಗಿ ತಲುಪಿತು, ಎರಡನೇ ಸಲ ದಾರಿಯಲ್ಲೇ ಸುಸ್ತಾಗಿ ಬಿತ್ತು. ಬೋರ್ಡಿನಲ್ಲಿ ಬರೆಯುವ ಸಂಖ್ಯೆ ಸಾಮಾನ್ಯವಾಗಿ ಮೊದಲನೇ ಥರದ್ದು. ಎದುರಾಳಿ ಪಾಪ ಏನೂ ಮಾಡದೆ ನೇರ ಬರುತ್ತಾನೆ ಅನ್ನುವ ನಂಬಿಕೆ ಮೇಲೆ.

ಮದ್ದೂರು_ವಡೆ

ನಮ್ಮ ಎಕ್ಸ್‌ಪ್ರೆಸ್‌ವೇಲಿ ಎರಡು ನಿಮಿಷಕ್ಕೆ ಒಂದು ಟೋಲೂ ದಾಟೋಕಾಗಲ್ಲ ಅಣ್ಣ. ಇವರು ಬಿಡದಿಗೆ ಹೋಗಿಬಿಟ್ರು.

ಕಿರಣ_ಕುವೆಂಪುನಗರ

ಸರ್, ಸೂಪರ್. ಆದರೆ ಸುಸ್ತಾಗುತ್ತೆ ಅಂದ್ರೆ ಏನು? ರಾಕೆಟ್ ಕೊನೆವರೆಗೂ ಉರಿಯಲ್ವಾ?

ಫಿಸಿಕ್ಸ್_ಮೇಡಂ

ಉರಿಯುವುದಿಲ್ಲ. ಜನ ತಪ್ಪು ತಿಳಿಯುವುದು ಇಲ್ಲೇ. ಸಿನಿಮಾದಲ್ಲಿ ಕ್ಷಿಪಣಿ ಹಿಂದೆ ಕೊನೆವರೆಗೂ ಬೆಂಕಿ ತೋರಿಸುತ್ತಾರೆ. ನಿಜದಲ್ಲಿ ಸಾಮಾನ್ಯ ಘನ ಇಂಧನದ ಮೋಟಾರ್ ಕೆಲವೇ ಸೆಕೆಂಡು ಉರಿದು ಮುಗಿಯುತ್ತೆ. ಅಷ್ಟರಲ್ಲಿ ಕ್ಷಿಪಣಿ ಶಬ್ದದ ನಾಲ್ಕು ಪಟ್ಟು ಆಸುಪಾಸಿನ ವೇಗ ಹಿಡಿದಿರುತ್ತೆ. ಆಮೇಲೆ ಎಲ್ಲ ಬರೀ ಓಟದ ಬಲ. ಚಾಮುಂಡಿ ಬೆಟ್ಟದ ಇಳಿಜಾರಲ್ಲಿ ಎಂಜಿನ್ ಆಫ್ ಮಾಡಿ ಬಿಟ್ಟ ಬೈಕ್ ಥರ. ಕೆಳಗೆ ಸಮತಟ್ಟು ರಸ್ತೆಗೆ ಬಂದಮೇಲೂ ಸ್ವಲ್ಪ ದೂರ ಹೋಗುತ್ತೆ, ಆದರೆ ಪ್ರತಿ ತಿರುವಿನಲ್ಲೂ ವೇಗ ಕಳೆದುಕೊಳ್ಳುತ್ತೆ.

ಅದಕ್ಕೇ ದೂರದ ಗುರಿಗೆ ಬಿಟ್ಟಾಗ ಕ್ಷಿಪಣಿ ನೇರ ಹೋಗುವುದಿಲ್ಲ. ಮೊದಲು ಮೇಲಕ್ಕೆ ಏರುತ್ತೆ. 12 ಕಿ.ಮೀ. ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ನಾಲ್ಕನೇ ಒಂದು ಭಾಗ ಮಾತ್ರ. ಇನ್ನೂ ಮೇಲೆ ಹೋದರೆ ಇನ್ನೂ ತೆಳು. ಅಲ್ಲಿ ಎಳೆತ ಕಡಿಮೆ, ವೇಗ ಉಳಿಯುತ್ತೆ. ಮೇಲಿಂದ ಗುರಿಯ ಮೇಲೆ ಇಳಿಯುತ್ತೆ. ಅದೇ ಕ್ಷಿಪಣಿಯನ್ನು ನೆಲದ ಹತ್ತಿರ ಬಿಟ್ಟರೆ ದಪ್ಪ ಗಾಳಿ ತಿಂದುಹಾಕುತ್ತೆ. ಬೋರ್ಡಿನ 100 ಕಿ.ಮೀ. ಅಲ್ಲಿ ಅದರ ಒಂದು ಸಣ್ಣ ಪಾಲಿಗೆ ಇಳಿಯುತ್ತೆ.

ಕೊನೆಯ ಕ್ಷಣದಲ್ಲಿ ಗುರಿ ಜೋರಾಗಿ ತಿರುಗಿತು ಅಂದುಕೊಳ್ಳಿ. ಕ್ಷಿಪಣಿಯೂ ತಿರುಗಬೇಕು. ಅದರ ಬಳಿ ವೇಗ ಉಳಿದಿಲ್ಲದಿದ್ದರೆ ರೆಕ್ಕೆ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ. ಆದ್ದರಿಂದ ಎಂಜಿನಿಯರುಗಳು ಕೇಳುವುದು "ಎಷ್ಟು ದೂರ ಹೋಗುತ್ತೆ" ಅಂತ ಅಲ್ಲ. "ಅಲ್ಲಿ ತಲುಪಿದಾಗ ಕೈಯಲ್ಲಿ ಎಷ್ಟು ಉಳಿದಿರುತ್ತೆ" ಅಂತ.

ಹಳೇ_ಆರ್ಮರರ್_ಮಂಡ್ಯ

ಮೇಡಂ ಸರಿಯಾಗಿ ಹೇಳಿದರು. ಇದಕ್ಕೇ ನೋ ಎಸ್ಕೇಪ್ ಝೋನ್ ಅನ್ನುತ್ತಾರೆ. ಆ ವಲಯದ ಒಳಗೆ ಇದ್ದಾಗ ಬಿಟ್ಟರೆ, ಅವನು ತಿರುಗಿ ಪೂರ್ತಿ ವೇಗದಲ್ಲಿ ಓಡಿದರೂ ಓಟದಲ್ಲಿ ಕ್ಷಿಪಣಿಯನ್ನು ಸೋಲಿಸಲಾರ. ಈ ವಲಯ ಬೋರ್ಡಿನ ಸಂಖ್ಯೆಗಿಂತ ಬಹಳ ಚಿಕ್ಕದು. ರಫೇಲ್ ಹೊರುವ ಮೀಟಿಯರ್‌ಗೆ ಇದು 60 ಕಿ.ಮೀ. ಆಸುಪಾಸು ಅಂತ ವರದಿಗಳಲ್ಲಿ ಬರುತ್ತೆ, ಮತ್ತು ಆ ಕಾರಣಕ್ಕೇ ಅದಕ್ಕೆ ಅಷ್ಟು ಹೆಸರು. ಒಟ್ಟು ದೂರ "100 ಕಿ.ಮೀ.ಗಿಂತ ಹೆಚ್ಚು" ಅಂತಷ್ಟೇ ಕಂಪನಿ ಹೇಳುವುದು.

ಪಾಂಡವಪುರ_ಪ್ರಶ್ನೆ

ಹಾಗಾದ್ರೆ ಮೀಟಿಯರ್‌ನಲ್ಲಿ ಅಂಥಾದ್ದೇನಿದೆ? 190 ಕೆಜಿ ತೂಕ, ಅಸ್ತ್ರ 154 ಕೆಜಿ. ಎರಡರ ದಪ್ಪವೂ 178 ಮಿ.ಮೀ. ನೋಡೋಕೆ ಅಂಥಾ ವ್ಯತ್ಯಾಸ ಏನೂ ಇಲ್ಲ.

ಫಿಸಿಕ್ಸ್_ಮೇಡಂ

ಹೊಟ್ಟೆಯ ಕೆಳಗೆ ನೋಡಿ. ಎರಡು ಗಾಳಿ ಕೊಳವೆಗಳಿವೆ. ಅದೇ ಎಲ್ಲ ವ್ಯತ್ಯಾಸ.

ಸಾಮಾನ್ಯ ರಾಕೆಟ್ ಇಂಧನದಲ್ಲಿ ಹೆಚ್ಚಿನ ತೂಕ ಉರಿಯುವ ವಸ್ತುವಿನದಲ್ಲ, ಅದನ್ನು ಉರಿಸುವ ಆಕ್ಸಿಜನ್ ಕೊಡುವ ರಾಸಾಯನಿಕದ್ದು. ಸಾಮಾನ್ಯವಾಗಿ ಅಮೋನಿಯಂ ಪರ್ಕ್ಲೋರೇಟ್. ಸುತ್ತಲೂ ಗಾಳಿ ಇರುವಾಗ ಆಕ್ಸಿಜನ್ ಹೊತ್ತುಕೊಂಡು ಹೋಗುವುದು ದಂಡ ಅಲ್ವಾ? ಮೀಟಿಯರ್ ಮೊದಲು ಒಂದು ಬೂಸ್ಟರ್‌ನಿಂದ ವೇಗ ಹಿಡಿಯುತ್ತೆ. ಆಮೇಲೆ ಇಂಧನ ಅರ್ಧಂಬರ್ಧ ಉರಿದು ಬಿಸಿ ಅನಿಲವಾಗಿ ಇನ್ನೊಂದು ಕೋಣೆಗೆ ಬರುತ್ತೆ, ಅಲ್ಲಿ ಕೊಳವೆಯಿಂದ ನುಗ್ಗಿದ ಗಾಳಿ ಸೇರಿ ಪೂರ್ತಿ ಉರಿಯುತ್ತೆ. ಅದೇ ತೂಕದ ಇಂಧನಕ್ಕೆ ಎಷ್ಟೋ ಜಾಸ್ತಿ ಹೊತ್ತು ತಳ್ಳುವ ಬಲ ಸಿಗುತ್ತೆ.

ಇನ್ನೂ ಒಂದಿದೆ. ಮಧ್ಯೆ ಒಂದು ಕವಾಟ ಇದೆ. ಅನಿಲದ ಹರಿವನ್ನು ಕಡಿಮೆ ಮಾಡಬಹುದು, ಜಾಸ್ತಿ ಮಾಡಬಹುದು. ದಾರಿಯಲ್ಲಿ ಮಿತವಾಗಿ ಉರಿಸಿ, ಗುರಿ ಹತ್ತಿರ ಬಂದಾಗ ಪೂರ್ತಿ ತೆರೆಯಬಹುದು. ಅಂದರೆ ಬೇರೆ ಕ್ಷಿಪಣಿ ಸುಮ್ನೆ ತೇಲುತ್ತಾ ಬರುವ ಹೊತ್ತಿನಲ್ಲಿ ಇದರ ಎಂಜಿನ್ ಇನ್ನೂ ಉರಿಯುತ್ತಿರುತ್ತೆ.

ಪಿಎಲ್-15 ಬೇರೆ ದಾರಿ ಹಿಡಿದಿದೆ. ಅದು ಎರಡು ಹಂತದ ಮೋಟಾರ್ ಅಂತ ಹೇಳಲಾಗುತ್ತೆ. ಇಂಧನದ ಎರಡು ತುಂಡು, ನಡುವೆ ತಡೆ. ಮೊದಲನೆಯದು ಬಿಟ್ಟ ತಕ್ಷಣ ಉರಿಯುತ್ತೆ. ಎರಡನೆಯದನ್ನು ಬೇಕಾದಾಗ ಹೊತ್ತಿಸಬಹುದು. ನಮ್ಮ ಅಸ್ತ್ರ ಮಾರ್ಕ್-2 ಕೂಡ ಇದೇ ದಾರಿ, ಮೊದಲು ಇಟ್ಟುಕೊಂಡ ಗುರಿ 160 ಕಿ.ಮೀ. ಯಂತ್ರದ ಲೆಕ್ಕದಲ್ಲಿ ಇದು ಸರಳ, ಗಾಳಿ ಕೊಳವೆಯ ತಲೆನೋವಿಲ್ಲ. ನನ್ನ ಅಭಿಪ್ರಾಯದಲ್ಲಿ ನಮ್ಮಂಥ ದೇಶಕ್ಕೆ ಮೊದಲು ಇದನ್ನೇ ಹೆಚ್ಚು ಸಂಖ್ಯೆಯಲ್ಲಿ ಮಾಡುವುದು ಜಾಣತನ.

ಹಳೇ_ಆರ್ಮರರ್_ಮಂಡ್ಯ

ಅಲ್ಲಿ ನನ್ನದು ಸ್ವಲ್ಪ ತಕರಾರು ಮೇಡಂ. ಎರಡನ್ನೂ ಒಟ್ಟಿಗೆ ಮಾಡಬೇಕು. ಡಿಆರ್‌ಡಿಒ ಗಾಳಿ ಕೊಳವೆಯ ಎಂಜಿನ್ನನ್ನು ಒಡಿಶಾದ ಚಾಂದೀಪುರದಲ್ಲಿ 2018ರಲ್ಲೇ ಪರೀಕ್ಷೆ ಮಾಡಿತು. 2019, 2021, 2022ರಲ್ಲಿ ಮತ್ತೆ ಮಾಡಿದರು. ಎಸ್ಎಫ್‌ಡಿಆರ್ ಅಂತ ಅದರ ಹೆಸರು, ಅಸ್ತ್ರ ಮಾರ್ಕ್-3ಕ್ಕೆ ಅದೇ ಎಂಜಿನ್. ಗಾಂಡೀವ ಅಂತ ಕರೆಯುತ್ತಿದ್ದಾರೆ. ಇಷ್ಟು ದೂರ ಬಂದಮೇಲೆ ಮಾರ್ಕ್-2 ಮುಗಿಯಲಿ ಅಂತ ಕಾಯುತ್ತಾ ಕೂತರೆ ಎಂಜಿನ್ ಮಾಡಿದವರು ನಿವೃತ್ತಿಯಾಗಿ ಹೋಗುತ್ತಾರೆ. ನಮ್ಮಲ್ಲಿ ಹೀಗೆ ಕಳೆದುಕೊಂಡದ್ದು ಬಹಳ ಇದೆ.

ಫಿಸಿಕ್ಸ್_ಮೇಡಂ

ತಕರಾರು ನ್ಯಾಯವಾದದ್ದೇ. ಆದರೆ ದುಡ್ಡು, ಜನ ಎರಡೂ ಮಿತಿಯಲ್ಲಿವೆ. ನಾನು ನನ್ನ ಮಾತಿನಲ್ಲೇ ನಿಲ್ಲುತ್ತೇನೆ. 😊

ಕಿರಣ_ಕುವೆಂಪುನಗರ

ಹಾಗಾದ್ರೆ ದೂರದ ಸಂಖ್ಯೆಗೆ ಬೆಲೆಯೇ ಇಲ್ವಾ? ರಷ್ಯಾದವರು 300 ಕಿ.ಮೀ.ಗೂ ಮೀರಿದ ಆರ್-37ಎಂ ಯಾಕೆ ಮಾಡಿದರು? ಅಮೆರಿಕ ನೌಕಾಪಡೆ 2024ರಲ್ಲಿ ಎಐಎಂ-174ಬಿ ತೋರಿಸಿತು, ಹಡಗಿನ ಕ್ಷಿಪಣಿಯನ್ನೇ ವಿಮಾನಕ್ಕೆ ಕಟ್ಟಿದ್ದಾರೆ. ಇಷ್ಟೊಂದು ದೇಶಗಳು ಸುಮ್ನೆ ಖರ್ಚು ಮಾಡುತ್ತಾರಾ?

ಹಳೇ_ಆರ್ಮರರ್_ಮಂಡ್ಯ

ಬೆಲೆ ಇದೆ ತಮ್ಮಾ, ಖಂಡಿತ ಇದೆ. ಆದರೆ ಯಾರನ್ನು ಹೊಡೆಯಲು ಅಂತ ಕೇಳಬೇಕು.

ಹಳೇ ಕತೆ ಒಂದು. ಅಮೆರಿಕದ ಎಫ್-14 ಟಾಮ್‌ಕ್ಯಾಟ್‌ಗೆ 1974ರಿಂದ ಫೀನಿಕ್ಸ್ ಅನ್ನುವ ಕ್ಷಿಪಣಿ ಇತ್ತು. ಒಂದೊಂದೂ 450 ಕೆಜಿಗಿಂತ ಜಾಸ್ತಿ. 180 ಕಿ.ಮೀ. ಆಸುಪಾಸಿನ ಅಳತೆ. ಒಂದು ವಿಮಾನ ಆರು ಹೊರುತ್ತಿತ್ತು, ಆದರೆ ಆರನ್ನೂ ಹೊತ್ತುಕೊಂಡೇ ಹಡಗಿಗೆ ವಾಪಸ್ ಇಳಿಯಲು ಆಗುತ್ತಿರಲಿಲ್ಲ, ಅಷ್ಟು ಭಾರ! ಅದನ್ನು ಮಾಡಿದ್ದು ಚುರುಕಾದ ಫೈಟರ್‌ಗಳಿಗಲ್ಲ, ಹಡಗಿನ ಮೇಲೆ ಕ್ಷಿಪಣಿ ಬಿಡಲು ಬರುವ ಸೋವಿಯತ್ ಬಾಂಬರ್‌ಗಳಿಗೆ. ಅಮೆರಿಕ 1999ರಲ್ಲಿ ಇರಾಕ್ ವಿಮಾನಗಳ ಮೇಲೆ ಅದನ್ನು ಬಿಟ್ಟಾಗ ಒಂದೂ ತಾಗಲಿಲ್ಲ. ಅದೇ ಕ್ಷಿಪಣಿಯನ್ನು ಇರಾನ್ 80ರ ದಶಕದ ಯುದ್ಧದಲ್ಲಿ ಇರಾಕ್ ಮೇಲೆ ಚೆನ್ನಾಗಿಯೇ ಬಳಸಿತು. 2004ರಲ್ಲಿ ಅಮೆರಿಕ ಅದನ್ನು ಕೈಬಿಟ್ಟಿತು.

ಆರ್-37ಎಂ ಕೂಡ ಆ ಜಾತಿಯೇ. 510 ಕೆಜಿ. ಮಿಗ್-31 ಅದನ್ನು ಬಹಳ ಎತ್ತರದಲ್ಲಿ, ಬಹಳ ವೇಗದಲ್ಲಿ ಬಿಡುತ್ತೆ. ಆ ಎತ್ತರ, ಆ ವೇಗ ಎರಡೂ ಕ್ಷಿಪಣಿಗೆ ಪುಕ್ಕಟೆ ಸಿಕ್ಕ ಬಂಡವಾಳ. 2022ರಿಂದ ಉಕ್ರೇನ್ ಯುದ್ಧದಲ್ಲಿ ಬಳಸುತ್ತಿದ್ದಾರೆ. ಪ್ರತಿ ಸಲ ಬೀಳಿಸದಿದ್ದರೂ ಉಕ್ರೇನಿನ ಪೈಲಟ್‌ಗಳು ಎತ್ತರಕ್ಕೆ ಏರಲು ಹೆದರುವ ಹಾಗಾಯಿತು. ಕೆಳಗೆ ಹಾರಿದರೆ ಅವರ ಕ್ಷಿಪಣಿಯ ದೂರ ತಾನಾಗಿ ಕುಗ್ಗುತ್ತೆ, ಮೇಡಂ ಹೇಳಿದ ದಪ್ಪ ಗಾಳಿಯ ಕಾರಣಕ್ಕೆ. ಅಂದರೆ ತಾಗದೇ ಹೋದ ಕ್ಷಿಪಣಿಯೂ ಕೆಲಸ ಮಾಡಿತು.

ಇನ್ನೊಂದು ಮುಖ್ಯ ಗುರಿ, ಅವಾಕ್ಸ್ ಅನ್ನುವ ದೊಡ್ಡ ರೇಡಾರ್ ಹೊತ್ತು ಹಾರುವ ವಿಮಾನ ಮತ್ತು ಗಾಳಿಯಲ್ಲೇ ಇಂಧನ ತುಂಬುವ ಟ್ಯಾಂಕರ್. ನಮ್ಮ ಫಾಲ್ಕನ್, ಬೆಂಗಳೂರಿನ ಡಿಆರ್‌ಡಿಒ ಲ್ಯಾಬ್ ಕ್ಯಾಬ್ಸ್ ಮಾಡಿದ ನೇತ್ರ, ಇವು ದೊಡ್ಡ ವಿಮಾನ. ಚುರುಕಾಗಿ ತಿರುಗುವುದಿಲ್ಲ. ಅವುಗಳ ಮೇಲೆ 300 ಕಿ.ಮೀ. ಅನ್ನುವ ಸಂಖ್ಯೆಗೆ ನಿಜವಾಗಲೂ ಅರ್ಥ ಇದೆ. ಹೊಡೆಯದಿದ್ದರೂ ಅವು ಗಡಿಯಿಂದ ಹಿಂದೆ ಸರಿಯಬೇಕಾಗುತ್ತೆ. ಹಿಂದೆ ಸರಿದಷ್ಟೂ ಮುಂದಿರುವ ಫೈಟರ್‌ಗೆ ಕಾಣುವುದು ಕಡಿಮೆ.

ಪಾಂಡವಪುರ_ಪ್ರಶ್ನೆ

ಈ ಕಾಣೋ ವಿಷಯ ಯಾರೂ ಬಿಡಿಸಲಿಲ್ಲ. 150 ಕಿ.ಮೀ. ಹೋಗೋ ಕ್ಷಿಪಣಿ ಇದ್ದು, ನಿಮ್ಮ ರೇಡಾರಿಗೆ 100 ಕಿ.ಮೀ. ತನಕ ಮಾತ್ರ ಕಂಡರೆ ಉಳಿದ 50 ಏನು ಮಾಡ್ತೀರಿ?

ಫಿಸಿಕ್ಸ್_ಮೇಡಂ

ಪಾಂಡವಪುರದವರು ನೇರ ಬೇರಿಗೇ ಕೈ ಹಾಕಿದರು.

ರೇಡಾರ್‌ನ ಅಲೆ ಹೋಗುವಾಗಲೂ ಹರಡುತ್ತೆ, ವಾಪಸ್ ಬರುವಾಗಲೂ ಹರಡುತ್ತೆ. ಅದರಿಂದ ನೋಡುವ ದೂರ ಎರಡು ಪಟ್ಟು ಮಾಡಬೇಕು ಅಂದರೆ ಶಕ್ತಿಯನ್ನು 16 ಪಟ್ಟು ಮಾಡಬೇಕು, ಬೇರೆ ಎಲ್ಲ ಹಾಗೇ ಇಟ್ಟರೆ. ಇದನ್ನೇ ತಿರುಗಿಸಿ ನೋಡಿ. ಎದುರಿನ ವಿಮಾನ ರೇಡಾರಿಗೆ ಕಾಣುವ ಗಾತ್ರವನ್ನು 16ನೇ ಒಂದು ಭಾಗಕ್ಕೆ ಇಳಿಸಿದರೆ ನಿಮಗೆ ಕಾಣುವ ದೂರ ಅರ್ಧ ಆಗುತ್ತೆ. ಸ್ಟೆಲ್ತ್ ವಿಮಾನಕ್ಕೆ ಅಷ್ಟೊಂದು ಖರ್ಚು ಮಾಡುವುದು ಇದಕ್ಕೇ. ಅಂಥ ವಿಮಾನದ ಎದುರು ನಿಮ್ಮ 200 ಕಿ.ಮೀ. ಕ್ಷಿಪಣಿ ಗೂಡಿನಲ್ಲೇ ಇರುತ್ತೆ.

ಕ್ಷಿಪಣಿಯ ಮೂತಿಯಲ್ಲಿರುವ ರೇಡಾರ್ ಇನ್ನೂ ಚಿಕ್ಕದು. ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡ ಆಂಟೆನಾ. ಅದಕ್ಕೆ ಕಾಣುವುದು ಕೊನೆಯ ಸುಮಾರು ಹದಿನೈದು ಇಪ್ಪತ್ತು ಕಿ.ಮೀ. ಅಲ್ಲಿವರೆಗೆ ಅದು ಕುರುಡು. ತನ್ನೊಳಗಿನ ಗೈರೊ ಲೆಕ್ಕದ ಮೇಲೆ ಹೋಗುತ್ತಾ ಇರುತ್ತೆ, "ಗುರಿ ಈಗ ಇಲ್ಲಿದೆ" ಅಂತ ವಿಮಾನ ರೇಡಿಯೊ ಕೊಂಡಿಯಲ್ಲಿ ಹೇಳುತ್ತಾ ಇರಬೇಕು. ಇದೇ ಡೇಟಾಲಿಂಕ್. ಆ ಮಾತನ್ನು ಬಿಟ್ಟವನೇ ಹೇಳಬೇಕು ಅಂತಿಲ್ಲ. ಏರ್ಪಾಡು ಇದ್ದರೆ ಹಿಂದೆ ದೂರದಲ್ಲಿರುವ ಅವಾಕ್ಸ್ ಅಥವಾ ಪಕ್ಕದ ಫೈಟರ್ ಹೇಳಬಹುದು. ಬಿಟ್ಟವನು ತನ್ನ ರೇಡಾರ್ ಆಫ್ ಮಾಡಿಕೊಂಡು ಸದ್ದಿಲ್ಲದೆ ಇರಬಹುದು. ಆಗ ಎದುರಿನ ಪೈಲಟ್‌ಗೆ ಕ್ಷಿಪಣಿ ಬರುತ್ತಿದೆ ಅಂತ ಗೊತ್ತಾಗುವುದು ಅದರ ಮೂತಿಯ ರೇಡಾರ್ ಎಚ್ಚರವಾದಾಗ. ಉಳಿದಿರುವುದು ಕೆಲವೇ ಸೆಕೆಂಡು.

ನನ್ನ ಪ್ರಕಾರ ಮೇ ತಿಂಗಳ ಪಾಠ ಇದರಲ್ಲೇ ಇದೆ. ಎರಡೂ ಕಡೆಯವರು ಗಡಿ ದಾಟದೆ, ಒಬ್ಬರಿಗೊಬ್ಬರು ಕಣ್ಣಿಗೆ ಕಾಣದೆ ಹೊಡೆದಾಡಿದರು ಅಂತ ವರದಿಗಳು ಹೇಳುತ್ತವೆ. ಅಂಥಲ್ಲಿ ಕ್ಷಿಪಣಿಗಿಂತ ಹಿಂದಿನ ಜಾಲ ಮುಖ್ಯ. ಕಿರಣ್ ಪಟ್ಟಿಯಲ್ಲಿ ಆ ಕಾಲಮ್ಮೇ ಇಲ್ಲ.

ಹಳೇ_ಆರ್ಮರರ್_ಮಂಡ್ಯ

ಇದಕ್ಕೆ ನನ್ನ ಅನುಭವ ಸೇರಿಸುತ್ತೇನೆ. ಗ್ವಾಲಿಯರ್‌ನಲ್ಲಿ ಮಿರಾಜ್-2000ಕ್ಕೆ ಸೂಪರ್ 530ಡಿ ಏರಿಸುತ್ತಿದ್ದೆವು. ಸುಮಾರು 270 ಕೆಜಿ. ಎಲ್ಲರೂ ಸೇರಿ ಉಸಿರು ಬಿಗಿ ಹಿಡಿದು ರೈಲಿಗೆ ಕೂರಿಸಬೇಕು, ಮೂತಿಗೆ ಏನೂ ತಾಗಬಾರದು. ಆ ಕ್ಷಿಪಣಿಗೆ ತನ್ನದೇ ಅಲೆ ಬಿಡುವ ರೇಡಾರ್ ಇರಲಿಲ್ಲ. ವಿಮಾನದ ರೇಡಾರ್ ಗುರಿಯ ಮೇಲೆ ಬೆಳಕು ಬಿಟ್ಟ ಹಾಗೆ ಅಲೆ ಬಿಡುತ್ತಲೇ ಇರಬೇಕು, ಕ್ಷಿಪಣಿ ತಾಗುವವರೆಗೂ. ಅಂದರೆ ಪೈಲಟ್ ಹೊಡೆದು ತಿರುಗಿ ಹೋಗುವ ಹಾಗಿಲ್ಲ, ಶತ್ರುವಿನ ಕಡೆಗೇ ಹೋಗುತ್ತಾ ಇರಬೇಕು. ನಮ್ಮ ಪೈಲಟ್‌ಗಳು ಈ ವಿಷಯ ಬಂದರೆ ಮುಖ ಸಿಂಡರಿಸುತ್ತಿದ್ದರು. ಆಮೇಲೆ ಮಿರಾಜ್ ಸುಧಾರಣೆಯಲ್ಲಿ ಮೈಕಾ ಬಂತು. 112 ಕೆಜಿ, ತನ್ನದೇ ರೇಡಾರ್. ಅಳತೆಯಲ್ಲಿ ಚಿಕ್ಕದು, ಕೆಲಸದಲ್ಲಿ ಎಷ್ಟೋ ಮೇಲು.

ಇನ್ನು ತಪ್ಪಿಸಿಕೊಳ್ಳುವುದು. ಬರುವ ಕ್ಷಿಪಣಿಗೆ ಅಡ್ಡಲಾಗಿ, ಸರಿಯಾಗಿ 90 ಡಿಗ್ರಿಗೆ ತಿರುಗಿ ಕೆಳಗೆ ಇಳಿಯುವುದು ಒಂದು ಉಪಾಯ. ನಾಚ್ ಅನ್ನುತ್ತಾರೆ. ಈ ರೇಡಾರ್‌ಗಳು ನೆಲದಿಂದ ವಿಮಾನವನ್ನು ಬೇರೆ ಮಾಡುವುದು ಹತ್ತಿರ ಬರುವ ಅಥವಾ ದೂರ ಹೋಗುವ ವೇಗದಿಂದ. ಅಡ್ಡ ಹಾರಿದರೆ ಆ ವೇಗ ಸೊನ್ನೆ, ನೆಲದ ಸದ್ದಿನಲ್ಲಿ ವಿಮಾನ ಕರಗಿಹೋಗುತ್ತೆ. ಪಿಎಲ್-15ರ ಮೂತಿಯಲ್ಲಿ ಹೊಸ ಥರದ ಎಇಎಸ್ಎ ರೇಡಾರ್ ಇದೆ ಅಂತಾರೆ, ಅದಕ್ಕೆ ಮೋಸ ಮಾಡುವುದು ಕಷ್ಟ. ನನ್ನನ್ನು ಕೇಳಿದರೆ ಆ ಕ್ಷಿಪಣಿಯಲ್ಲಿ ಹೆದರಬೇಕಾದದ್ದು ದೂರ ಅಲ್ಲ, ಆ ಮೂತಿ. ಹೋಶಿಯಾರ್‌ಪುರದಲ್ಲಿ ಬಿದ್ದ ಚೂರುಗಳನ್ನು ಮೇ 12ರಂದು ವಾಯುಪಡೆ ಪತ್ರಿಕಾಗೋಷ್ಠಿಯಲ್ಲಿ ತೋರಿಸಿತಲ್ಲ, ಅವನ್ನು ಬಿಚ್ಚಿ ನೋಡುವವರ ಜಾಗದಲ್ಲಿ ಇರಬೇಕಿತ್ತು ಅನ್ನಿಸಿತು.

ಮದ್ದೂರು_ವಡೆ

ಅಣ್ಣ, ಹಿಂದೆ 2019ರಲ್ಲೂ ಒಂದು ಚೂರು ತೋರಿಸಿದ್ರಲ್ವಾ?

ಹಳೇ_ಆರ್ಮರರ್_ಮಂಡ್ಯ

ಹೌದು, ಫೆಬ್ರವರಿ 28ರಂದು. ಅದು ಅಮೆರಿಕದ ಆಮ್ರಾಮ್, ಎಐಎಂ-120ಸಿ-5. ರಜೌರಿ ಕಡೆ ಬಿದ್ದದ್ದು. ಪಾಕಿಸ್ತಾನದ ಬಳಿ ಅದನ್ನು ಹೊರುವುದು ಎಫ್-16 ಒಂದೇ, ಆದ್ದರಿಂದ ಎಫ್-16 ಬಳಸಿಲ್ಲ ಅನ್ನುವ ಅವರ ಮಾತು ನಿಲ್ಲಲಿಲ್ಲ. ಹಿಂದಿನ ದಿನದ, ಅಂದರೆ 27ರ ಕಾಳಗದಲ್ಲಿ ನಮ್ಮ ಸುಖೋಯ್‌ಗಳು ಆಮ್ರಾಮ್ ತಪ್ಪಿಸಿಕೊಂಡವು ಅಂತ ವಾಯುಪಡೆ ಹೇಳಿತು. ದೂರದಿಂದ ಬಿಟ್ಟರೆ ತಪ್ಪಿಸಿಕೊಳ್ಳಬಹುದು ಅನ್ನುವುದಕ್ಕೆ ಅದೂ ಒಂದು ಉದಾಹರಣೆ. ಆದರೆ ಆ ಸುಖೋಯ್‌ಗಳಿಗೆ ವಾಪಸ್ ಹೊಡೆಯುವ ಒಳ್ಳೆ ಅವಕಾಶ ಸಿಗಲಿಲ್ಲ ಅನ್ನುವುದೂ ನಿಜ. ಕಿರಣ್‌ನ ಭಯ ಪೂರ್ತಿ ಸುಳ್ಳಲ್ಲ.

ಪಾಂಡವಪುರ_ಪ್ರಶ್ನೆ

ಅದೇ ಮರುದಿನ... ಅಲ್ಲ, ಅದೇ ದಿನ, ಫೆಬ್ರವರಿ 27, ಬಡ್ಗಾಮ್‌ನಲ್ಲಿ ನಮ್ಮದೇ ಎಂಐ-17 ಹೆಲಿಕಾಪ್ಟರ್ ಮೇಲೆ ನಮ್ಮದೇ ನೆಲದ ಕ್ಷಿಪಣಿ ಬಿತ್ತು. ವಾಯುಪಡೆಯ ಆರು ಜನ ಹೋದರು. ದೊಡ್ಡ ತಪ್ಪು ಅಂತ ವಾಯುಪಡೆ ಮುಖ್ಯಸ್ಥರೇ ಒಪ್ಪಿದರು. ಕಣ್ಣಿಗೆ ಕಾಣದ ದೂರದಿಂದ ಹೊಡೆಯುವಾಗ ಎದುರಿಗಿರೋದು ಯಾರು ಅಂತ ಹೇಗೆ ಗೊತ್ತಾಗಬೇಕು? ನೆಲದಿಂದಲೇ, ನಮ್ಮದೇ ನೆಲೆಯ ಹತ್ತಿರವೇ ಹೀಗಾದರೆ 150 ಕಿ.ಮೀ. ದೂರದಲ್ಲಿ?

ಫಿಸಿಕ್ಸ್_ಮೇಡಂ

ಇದು ಈ ಚರ್ಚೆಯ ಅತಿ ಕಷ್ಟದ ಪ್ರಶ್ನೆ. ಯಾಂತ್ರಿಕ ಉತ್ತರ ಐಎಫ್ಎಫ್. ವಿಮಾನ ರೇಡಿಯೊದಲ್ಲಿ "ನೀನು ಯಾರು" ಅಂತ ಕೇಳುತ್ತೆ, ನಮ್ಮವನಾದರೆ ಗುಟ್ಟಿನ ಉತ್ತರ ಬರುತ್ತೆ. ಆದರೆ ಉತ್ತರ ಬರದಿದ್ದರೆ ಶತ್ರು ಅಂತಲ್ಲ. ಯಂತ್ರ ಕೆಟ್ಟಿರಬಹುದು, ಆಫ್ ಇರಬಹುದು, ಪ್ರಯಾಣಿಕರ ವಿಮಾನ ಇರಬಹುದು.

ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದವರಿಗೆ ಇದೇ ತೊಡಕು. ಸ್ಪ್ಯಾರೊ ಕ್ಷಿಪಣಿಯನ್ನು ಕಣ್ಣಿಗೆ ಕಾಣದ ದೂರಕ್ಕೆಂದೇ ಮಾಡಿದ್ದು. ಆದರೆ ನಮ್ಮವನೋ ಅವನೋ ತಿಳಿಯದೆ ಬಿಡಬೇಡಿ ಅನ್ನುವ ನಿಯಮ ಇತ್ತು. ಅದರಿಂದ ಹತ್ತಿರ ಹೋಗಿ ನೋಡಿ ಬಿಡಬೇಕಾಯಿತು. ಬಿಟ್ಟದ್ದರಲ್ಲಿ ಸುಮಾರು ಹತ್ತರಲ್ಲಿ ಒಂದು ತಾಗಿತು. ಎಫ್-4 ಫ್ಯಾಂಟಮ್‌ಗಳಿಗೆ ಶುರುವಿನಲ್ಲಿ ಗನ್ನೇ ಇಟ್ಟಿರಲಿಲ್ಲ, ಇನ್ನು ಕ್ಷಿಪಣಿ ಕಾಲ ಅಂತ. ಆಮೇಲೆ ಸೇರಿಸಿದರು.

ಕೂರ್ಗಳ್ಳಿ_ಲೇತ್

ಇಷ್ಟು ಹೊತ್ತು ಓದುತ್ತಾ ಇದ್ದೆ. ನನ್ನದು ಕೂರ್ಗಳ್ಳಿಯಲ್ಲಿ ಸಣ್ಣ ಮಶೀನ್ ಶಾಪ್. ಕ್ಷಿಪಣಿ ಕೆಲಸ ಮಾಡಿಲ್ಲ, ಬೇರೆ ನಿಖರ ಭಾಗಗಳು ಮಾಡುತ್ತೇವೆ. ಒಂದು ವಿಷಯ ಯಾರೂ ಹೇಳಲಿಲ್ಲ: ಎಷ್ಟು ಕ್ಷಿಪಣಿ ಇದೆ ಅನ್ನುವುದು. 200 ಕಿ.ಮೀ. ಹೋಗುವ ಕ್ಷಿಪಣಿ ಕೈಬೆರಳೆಣಿಕೆಯಷ್ಟು ಇದ್ದರೆ ಪೈಲಟ್ ಅದನ್ನು ಜಿಪುಣತನದಿಂದ ಬಳಸುತ್ತಾನೆ. 110ರದ್ದು ರಾಶಿ ಇದ್ದರೆ ಜೋಡಿ ಜೋಡಿಯಾಗಿ ಬಿಡುತ್ತಾನೆ.

ಅಸ್ತ್ರದ ನಿಜವಾದ ಲಾಭ ಇದೇ. 2020ರ ಜುಲೈನಲ್ಲಿ ವಾಯುಪಡೆ, ನೌಕಾಪಡೆಗೆ 248 ಕ್ಷಿಪಣಿಗೆ ಒಪ್ಪಿಗೆ ಸಿಕ್ಕಿತು. 2022ರ ಮೇ 31ರಂದು ಕ್ಷಿಪಣಿ ಮಾಡುವ ಸರ್ಕಾರಿ ಕಂಪನಿ ಬಿಡಿಎಲ್ ಜೊತೆ 2,971 ಕೋಟಿ ರೂಪಾಯಿಯ ಒಪ್ಪಂದ ಆಯಿತು. ಶುರುವಿನಲ್ಲಿ ಅದರ ಮೂತಿಯ ಸೀಕರ್, ಅಂದರೆ ಗುರಿ ಹುಡುಕುವ ರೇಡಾರ್, ರಷ್ಯಾ ಮೂಲದ್ದು. 2025ರ ಜುಲೈ 11ರಂದು ನಮ್ಮದೇ ಸೀಕರ್ ಇಟ್ಟು ಸುಖೋಯ್‌ನಿಂದ ಒಡಿಶಾ ಕರಾವಳಿಯಲ್ಲಿ ಪರೀಕ್ಷೆ ಮಾಡಿದರು. 50ಕ್ಕೂ ಹೆಚ್ಚು ಕಂಪನಿಗಳು ಅದರಲ್ಲಿ ಸೇರಿವೆ ಅಂತ ಸರ್ಕಾರದ ಹೇಳಿಕೆ. ಯುದ್ಧದ ನಡುವೆ ಬಿಡಿಭಾಗಕ್ಕೆ ಹೊರದೇಶಕ್ಕೆ ಫೋನ್ ಮಾಡುವ ಹಾಗಾದರೆ ನಿಮ್ಮ ಕಿ.ಮೀ. ಎಲ್ಲ ಕಾಗದದ ಮೇಲೆ.

ನಮ್ಮ ಕಡೆಯ ಅಂಗಡಿಗಳಿಗೆ ಇಂಥ ಕೆಲಸ ಸಿಗಬೇಕು ಅಂತ ಆಸೆ. ಕಷ್ಟ ಏನೆಂದರೆ ಲೇತ್‌ನಲ್ಲಿ ಒಳ್ಳೆ ಪೀಸ್ ತೆಗೆಯುವುದಲ್ಲ. ಪ್ರತಿ ಪೀಸಿಗೂ ಕಬ್ಬಿಣದ ಹುಟ್ಟಿನಿಂದ ಹಿಡಿದು ದಾಖಲೆ ಇಡುವುದು. ಅದಕ್ಕೆ ಜನ ಬೇಕು, ಸಣ್ಣವರಿಗೆ ಕೈಗೆಟುಕುವುದಿಲ್ಲ.

ಮದ್ದೂರು_ವಡೆ

ಮೈಸೂರಲ್ಲಿ ಡಿಆರ್‌ಡಿಒ ಲ್ಯಾಬ್ ಇದೆಯಲ್ಲ ಗುರುವೇ, ಸಿದ್ಧಾರ್ಥನಗರದಲ್ಲಿ. ಅಲ್ಲಿ ಕೇಳಿ.

ಕೂರ್ಗಳ್ಳಿ_ಲೇತ್

ಅದು ಡಿಎಫ್ಆರ್‌ಎಲ್. ಸೈನಿಕರ ಊಟದ ಲ್ಯಾಬ್. ಚಪಾತಿ ಕೆಡದ ಹಾಗೆ ಇಡುತ್ತಾರೆ, ಕ್ಷಿಪಣಿ ಅಲ್ಲ. 😄 ಆದರೂ ಹಸಿದ ಪೈಲಟ್ ಏನು ಹೊಡೆಯುತ್ತಾನೆ, ಅದೂ ಬೇಕು.

ಕಿರಣ_ಕುವೆಂಪುನಗರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇದನ್ನೇ ಫೈನಲ್ ಇಯರ್ ಪ್ರಾಜೆಕ್ಟ್ ಮಾಡೋಣ ಅನ್ನಿಸ್ತಿದೆ. ಎತ್ತರ, ವೇಗ, ಗುರಿಯ ತಿರುವು ಕೊಟ್ಟರೆ ಕ್ಷಿಪಣಿ ಎಲ್ಲಿಗೆ ತಲುಪುತ್ತೆ ಅಂತ ಪೈಥಾನ್‌ನಲ್ಲಿ ತೋರಿಸುವ ಸಣ್ಣ ಪ್ರೋಗ್ರಾಂ. ಮೇಡಂ, ಆಗುತ್ತಾ?

ಫಿಸಿಕ್ಸ್_ಮೇಡಂ

ಆಗುತ್ತೆ. ನಿಜವಾದ ಕ್ಷಿಪಣಿಯ ಹೆಸರು ಹಾಕಬೇಡಿ, ನಿಮ್ಮ ಕಾಲೇಜಿನವರು ಗಾಬರಿಯಾಗುತ್ತಾರೆ. ಮೊದಲು ಒಂದು ಕಾಲ್ಪನಿಕ ರಾಕೆಟ್, ಬರೀ ಎಳೆತ ಮತ್ತು ಗುರುತ್ವ. ಎತ್ತರಕ್ಕೆ ತಕ್ಕ ಗಾಳಿಯ ಸಾಂದ್ರತೆಯ ಪಟ್ಟಿ ಯಾವ ಏರೊಡೈನಮಿಕ್ಸ್ ಪುಸ್ತಕದ ಹಿಂದೆಯಾದರೂ ಸಿಗುತ್ತೆ. ತಿರುವನ್ನು ಆಮೇಲೆ ಸೇರಿಸಿ. ಒಮ್ಮೆಲೇ ಎಲ್ಲ ಹಾಕಿದರೆ ಎಲ್ಲಿ ಎಡವಿದೆ ಅಂತ ಗೊತ್ತಾಗುವುದಿಲ್ಲ.

ಕಿರಣ_ಕುವೆಂಪುನಗರ

ಸರಿ ಮೇಡಂ. ಕೊನೆಯದಾಗಿ ಒಂದು. ರಫೇಲ್ ನಮ್ಮ ಹತ್ತಿರ ಇದೆ, ಅಸ್ತ್ರ ನಮ್ಮದೇ. ಹಾಗಾದ್ರೆ ರಫೇಲ್‌ಗೆ ಅಸ್ತ್ರ ಕಟ್ಟಿಬಿಡಬಹುದಲ್ವಾ? ಅಗ್ಗವೂ ಆಗುತ್ತೆ.

ಹಳೇ_ಆರ್ಮರರ್_ಮಂಡ್ಯ

ಕಟ್ಟುವುದು ಅರ್ಧ ಗಂಟೆ ಕೆಲಸ ತಮ್ಮಾ. ಉಳಿದದ್ದು ವರ್ಷಗಟ್ಟಲೆ.

ಮೊದಲು ಬರೀ ಹೊತ್ತು ಹಾರಬೇಕು, ರೆಕ್ಕೆ ನಡುಗುತ್ತಾ ನೋಡಬೇಕು. ಆಮೇಲೆ ಬಿಟ್ಟಾಗ ವಿಮಾನಕ್ಕೇ ಬಡಿಯದೆ ಸರಿಯಾಗಿ ಬೇರೆಯಾಗುತ್ತಾ ಅಂತ ಬೇರೆ ಬೇರೆ ವೇಗದಲ್ಲಿ, ಎತ್ತರದಲ್ಲಿ ಪರೀಕ್ಷೆ. ಆಮೇಲೆ ವಿಮಾನದ ಕಂಪ್ಯೂಟರ್ ಕ್ಷಿಪಣಿಯ ಜೊತೆ ಮಾತಾಡಬೇಕು, ರೇಡಾರ್ ಕೊಡುವ ಮಾಹಿತಿ ಡೇಟಾಲಿಂಕ್‌ನಲ್ಲಿ ಹೋಗಬೇಕು. ರಫೇಲ್‌ನ ಸಾಫ್ಟ್‌ವೇರ್ ಫ್ರೆಂಚರ ಕೈಯಲ್ಲಿದೆ. ಅವರು ಕೂತು ಬದಲಾಯಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದಕ್ಕೂ ದುಡ್ಡು ಕೇಳುತ್ತಾರೆ, ಮೀಟಿಯರ್ ಮಾರುವವರಿಗೆ ಅದರಲ್ಲಿ ಆಸಕ್ತಿ ಎಷ್ಟಿರುತ್ತೆ ನೀನೇ ಯೋಚಿಸು.

ಸುಖೋಯ್‌ನದನ್ನೇ ನೋಡು. ಅಸ್ತ್ರ 2003ರಲ್ಲಿ ಚಾಂದೀಪುರದಲ್ಲಿ ನೆಲದಿಂದ ಮೊದಲ ಸಲ ಹಾರಿತು. ಸುಖೋಯ್‌ನಿಂದ ಮೊದಲ ಸಲ ಬಿಟ್ಟದ್ದು 2014ರ ಮೇನಲ್ಲಿ. ಹೆಚ್ಚಿನ ಸಂಖ್ಯೆಯಲ್ಲಿ ಕೊಳ್ಳುವ ಒಪ್ಪಂದ 2022ರ ಮೇನಲ್ಲಿ. ತೇಜಸ್‌ನಿಂದ ಗೋವಾ ಕರಾವಳಿಯಲ್ಲಿ ಬಿಟ್ಟದ್ದು 2023ರ ಆಗಸ್ಟ್ 23ಕ್ಕೆ. ಅದೂ ತೇಜಸ್ ನಮ್ಮದೇ ವಿಮಾನ, ಬೇಕಾದ ಹಾಗೆ ಬಿಚ್ಚಿ ಕಟ್ಟಬಹುದು ಅನ್ನುವಾಗ.

ಪಾಂಡವಪುರ_ಪ್ರಶ್ನೆ

ಅಂದ್ರೆ ಗಾಂಡೀವ ಈಗ ತಯಾರಾದರೂ ವಿಮಾನಕ್ಕೆ ಏರೋಕೆ ಇನ್ನೂ ಅಷ್ಟೇ ಹೊತ್ತು?

ಹಳೇ_ಆರ್ಮರರ್_ಮಂಡ್ಯ

ಅಷ್ಟು ಆಗಲಿಕ್ಕಿಲ್ಲ. ಸುಖೋಯ್‌ಗೆ, ತೇಜಸ್‌ಗೆ ಈಗ ಅಸ್ತ್ರದ ಭಾಷೆ ಬರುತ್ತೆ, ದಾರಿ ಗೊತ್ತಿರುವ ಜನ ಇದ್ದಾರೆ. ಆದರೆ ಗಾಂಡೀವಕ್ಕೆ ಹೊಟ್ಟೆಯಲ್ಲಿ ಗಾಳಿ ಕೊಳವೆ ಇದೆ. ಆ ಕೊಳವೆಗೆ ಎಲ್ಲ ಕೋನದಲ್ಲೂ ಗಾಳಿ ಸರಿಯಾಗಿ ಸಿಗಬೇಕು, ಜೋರಾಗಿ ತಿರುಗಿದಾಗಲೂ ಎಂಜಿನ್ ಆರಬಾರದು. ಅದಕ್ಕೆ ಹೊಸದಾಗಿ ಹಾರಾಟ ಬೇಕು, ಬಿಟ್ಟು ನೋಡಲು ಕ್ಷಿಪಣಿ ಬೇಕು. ಪರೀಕ್ಷೆಗೆ ಅಂತ ಎಷ್ಟು ಕ್ಷಿಪಣಿ ಮಾಡಲು ದುಡ್ಡು ಬಿಡುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.